ಮೋಟಾರುಮನೆಯಲ್ಲಿ ರಾಕಿ ಪರ್ವತವನ್ನು ದಾಟಿದುದು

ಮನೆಯನ್ನು ಬಿಟ್ಟು ಪ್ರವಾಸ ಹೊರಡುವುದು ಲೋಕರೂಢಿ. ಮನೆಯನ್ನೇ ಕೂಡಿಕೊಂಡು ಹೊರಡುವುದನ್ನು ನಾವು ಅಮೆರಿಕದಲ್ಲಿ ಕಂಡೆವು. ೨೦೨೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಾವು ದಂಪತಿಗಳು ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದಲ್ಲಿರುವ ನಮ್ಮ ಷಡ್ಡಕರ ಮನೆಗೆ ಹೋಗಿದ್ದಾಗ, ಅಂತಹ ಮೋಟಾರುಮನೆಯೊಂದರಲ್ಲಿ ಕುಳಿತು ರಾಕಿ ಪರ್ವತಶ್ರೇಣಿಯನ್ನು ದಾಟುವ ಯೋಗವು ಒದಗಿತು. ಈ ಪ್ರವಾಸವು ಕೇವಲ ವಿನೋದಕ್ಕಾಗಿ ಆದುದಲ್ಲ. ಒಂದು ಸಂಸಾರದ ಮೂವತ್ತು ವರ್ಷಗಳ ಉಳಿತಾಯವನ್ನು ಎಂತಹ ಎಂಜಿನ್ನಿನ ಮೇಲೆ ಹಾಕಬೇಕೆಂಬ ಪ್ರಶ್ನೆಯು ಅದರೊಡನೆ ಹೆಣೆದುಕೊಂಡಿದ್ದಿತು.

ಭಾವನವರು ಆ ವರ್ಷವೇ ಉದ್ಯೋಗದಿಂದ ನಿವೃತ್ತರಾಗಿದ್ದರು. ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಸಂಸಾರಗಳನ್ನು ಹೂಡಿದ್ದರು. ಇನ್ನು ಮೋಟಾರುಮನೆಯೊಂದನ್ನು ಕೊಂಡು, ಇಷ್ಟು ಕಾಲ ಬಾಳಿದ ದೇಶದ ಬೆಟ್ಟಗಳನ್ನೂ ಕಾಡುಗಳನ್ನೂ ಇಬ್ಬರೂ ಕೂಡಿ ನೋಡಬೇಕೆಂಬುದು ಅವರ ಬಹುದಿನದ ಬಯಕೆ. ಅಕ್ಕನಿಗೂ ಪ್ರವಾಸದಲ್ಲಿ ಆಸೆಯಿಲ್ಲದಿರಲಿಲ್ಲ. ಆದರೆ ಎಂತಹ ವಾಹನವೆಂಬ ಮಾತು ಬಂದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತಿದ್ದುವು. ಭಾವನವರ ಕಣ್ಣು ೪೫ ಅಡಿ ಉದ್ದದ, ೬೦೦ ಅಶ್ವಶಕ್ತಿಯ ದೊಡ್ಡ ಬಂಡಿಯ ಮೇಲೆ. "ಬೆಟ್ಟದ ಸೀಮೆಯಲ್ಲಿ ಇರುವವರಿಗೆ ಎಂಜಿನ್ನು ಎಷ್ಟು ದೊಡ್ಡದಾದರೂ ಹೆಚ್ಚಲ್ಲ" ಎಂದು ಮಾರುವವರು ಹೇಳಿದ ಮಾತು ಅವರಿಗೆ ವೇದವಾಕ್ಯವಾಗಿದ್ದಿತು. ಅದನ್ನು ಕೊಳ್ಳಬೇಕಾದರೆ ಇರುವ ಮನೆಯ ಮೇಲೆ ಸಾಲವೆತ್ತಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂಬುದು ಅಕ್ಕನ ಪಕ್ಷ. ತೀರ್ಥಹಳ್ಳಿಯ ಕಡೆ ಹುಟ್ಟಿ, ಬಾಲ್ಯದಲ್ಲಿ ಆಗುಂಬೆಯ ಘಟ್ಟದ ತಿರುವುಗಳನ್ನು ಬಸ್ಸಿನಲ್ಲಿ ಕಣ್ಣುಮುಚ್ಚಿ ಇಳಿದಿದ್ದ ಆಕೆಗೆ, ಅಷ್ಟು ದೊಡ್ಡ ಬಂಡಿಯಲ್ಲಿ ಬೆಟ್ಟ ಇಳಿಯುವುದೆಂದರೆ ಎದೆನಡುಕವೂ ಇದ್ದಿತು. ಕಡೆಗೆ, ಖಾಸಗಿಯವರೊಬ್ಬರಿಂದ ೩೬ ಅಡಿಯ, ಸಣ್ಣ ಎಂಜಿನ್ನಿನ ವಾಹನವೊಂದನ್ನು ಒಂದು ವಾರಕ್ಕೆ ಬಾಡಿಗೆಗೆ ಪಡೆದು, ಬೆಟ್ಟಗಳನ್ನು ಒಮ್ಮೆ ದಾಟಿ ಬಂದ ಮೇಲೆ ತೀರ್ಮಾನಿಸುವುದೆಂದು ಒಪ್ಪಂದವಾಯಿತು.

ವಾಹನವನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕು. ನೋಡಲು ಅದು ನಮ್ಮ ದೂರಪ್ರಯಾಣದ ಬಸ್ಸಿನಂತೆಯೇ ಇರುವುದು. ಮುಂದೆ ಚಾಲಕನ ಪೀಠ, ನಡುವೆ ಅಡಿಗೆಯ ಕಟ್ಟೆ, ಊಟದ ಮೇಜು, ಸ್ನಾನದ ಕೋಣೆ. ಹಿಂದೆ ಮಲಗುವ ಕೋಣೆ. ಆ ಹಾಸಿಗೆಯ ಅಡಿಯಲ್ಲಿ ಡೀಸಲ್ ಎಂಜಿನ್ನು. ಹಿಂದಿನಿಂದ ತಳ್ಳುವುದರಿಂದ ಇಂತಹ ವಾಹನಕ್ಕೆ ಅಲ್ಲಿಯವರು 'ಡೀಸಲ್ ಪುಷರ್' ಎಂದು ಹೆಸರಿಟ್ಟಿರುವರು. ಇದರ ಬೆನ್ನಿಗೆ ಒಂದು ಚಿಕ್ಕ ಕಾರನ್ನು ಕೊಂಡಿಹಾಕಿ ಎಳೆದೊಯ್ಯುವುದು ವಾಡಿಕೆ. ಮನೆಯನ್ನು ಒಂದೆಡೆ ನಿಲ್ಲಿಸಿ, ಪೇಟೆಗೆ ಕಾರಿನಲ್ಲಿ ಹೋಗಿಬರಬಹುದು.

ಈ ಮನೆಗಳಲ್ಲಿ ಬಹುವಾಗಿ ಕಾಣುವುದು ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಎಂಬ ಊರಿನಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ಕಮಿನ್ಸ್ ಕಂಪೆನಿಯ ಎಂಜಿನ್ನುಗಳು. ಅವುಗಳಲ್ಲಿ ಮುಖ್ಯವಾಗಿ ಮೂರು ಗಾತ್ರಗಳುಂಟು: ೬.೭ ಲೀಟರು, ೮.೯ ಲೀಟರು, ೧೫ ಲೀಟರು. ಆರು ಸಿಲಿಂಡರುಗಳೊಳಗೆ ಕೊಂತಗಳು ಓಡಾಡುವ ಅವಕಾಶದ ಒಟ್ಟು ಅಳತೆಯೇ ಈ ಲೀಟರು. ಸಣ್ಣದು ೩೪೦ ಅಶ್ವಶಕ್ತಿಯನ್ನೂ ೭೦೦ ಪೌಂಡು-ಅಡಿಗಳ ಟಾರ್ಕನ್ನೂ ಕೊಡುವುದುಂಟು. ನಡುವಣದು ೩೮೦ ಅಶ್ವಶಕ್ತಿ, ೧,೧೫೦ ಟಾರ್ಕು. ಹಿರಿಯದು ೬೦೦ ಅಶ್ವಶಕ್ತಿ, ೧,೯೫೦ ಟಾರ್ಕು. ಈ ಎರಡು ಮಾತುಗಳ ಭೇದವು ಬೀಸುವ ಕಲ್ಲಿನ ಗೂಟವನ್ನು ಹಿಡಿದು ಬಲ್ಲ ಗೃಹಿಣಿಯರಿಗೆ ಕಷ್ಟವಲ್ಲ. ಕಾಳು ತುಂಬಿದ ಕಲ್ಲನ್ನು ತಿರುಗಿಸಲು ಬೇಕಾದ ಕೈಬಲವೇ ಟಾರ್ಕು. ಒಂದು ಗಂಟೆಯಲ್ಲಿ ಎಷ್ಟು ಸೇರು ಬೀಸಿ ಮುಗಿಸಿದರೆಂಬುದು ಅಶ್ವಶಕ್ತಿ. ನಾವು ಪಡೆದಿದ್ದುದು ೩೪೦ ಅಶ್ವಶಕ್ತಿಯ ಸಣ್ಣ ಎಂಜಿನ್ನು.

ಹೊರಡುವ ದಿನ ಅಕ್ಕನು ವಾಹನದೊಳಗೆ ಒಂದು ಸಂಸಾರವನ್ನೇ ತುಂಬಿದಳು. ಅಕ್ಕಿ, ಬೇಳೆ, ಹುಣಿಸೆಹಣ್ಣು, ದೋಸೆಯ ಕಾವಲಿ, ವಿದ್ಯುತ್ತಿನಿಂದ ತಿರುಗುವ ಒರಳುಕಲ್ಲು, ಇವೆಲ್ಲವೂ ಒಳಸೇರಿದುವು. ತೊಟ್ಟಿಯಲ್ಲಿ ೯೦ ಗ್ಯಾಲನ್ ನೀರು ತುಂಬಿದ್ದಿತು. ಅದೊಂದೇ ೩೪೦ ಕಿಲೋಗ್ರಾಮು. ಊರ ಹೊರಗೆ ಲಾರಿಗಳನ್ನು ತೂಗುವ ಕಾಟಾ ಇದ್ದಿತು. ವಾಹನವನ್ನು ಕೊಟ್ಟವರ ಸಲಹೆಯಂತೆ ನಾವೂ ಅದರ ಮೇಲೆ ನಿಂತೆವು. ಕಾರೂ ಸೇರಿ ಒಟ್ಟು ತೂಕ ೩೩,೦೦೦ ಪೌಂಡು, ಅಂದರೆ ೧೫ ಟನ್ನು! "ಪುಸ್ತಕದಲ್ಲಿ ಇಷ್ಟಿಲ್ಲವಲ್ಲ" ಎಂದು ಭಾವನವರು ಬೆರಗಾದರು. ಪುಸ್ತಕದಲ್ಲಿ ಬರೆದ ತೂಕವು ಬರಿಯ ಬಂಡಿಯದು. ಅದರಲ್ಲಿ ನೀರಿಲ್ಲ, ಅಕ್ಕಿಯಿಲ್ಲ, ಒರಳುಕಲ್ಲಿಲ್ಲ, ನಾವು ನಾಲ್ವರೂ ಇಲ್ಲ. ಎಂಜಿನ್ನು ಎಳೆಯಬೇಕಾದುದು ಕಾಗದದ ಮೇಲಣ ತೂಕವನ್ನಲ್ಲ, ಕಾಟಾದ ಮೇಲಣ ತೂಕವನ್ನು. ಇದು ನಮಗಾದ ಮೊದಲನೆಯ ಪಾಠ.

ಡೆನ್ವರ್ ನಗರವು ಸಮುದ್ರಮಟ್ಟಕ್ಕೆ ೫,೨೮೦ ಅಡಿ, ಸರಿಯಾಗಿ ಒಂದು ಮೈಲಿ ಎತ್ತರದಲ್ಲಿರುವುದು. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ೭೦ನೆಯ ಅಂತರಸಂಸ್ಥಾನ ಹೆದ್ದಾರಿಯು ಊರು ದಾಟಿದೊಡನೆಯೇ ಬೆಟ್ಟವನ್ನು ಹತ್ತತೊಡಗುವುದು. ಹಳೆಯ ಚಿನ್ನದ ಗಣಿಗಳ ಊರಾದ ಐಡಾಹೋ ಸ್ಪ್ರಿಂಗ್ಸನ್ನೂ, ಬೆಳ್ಳಿಯ ಗಣಿಗಳಿಂದ ಹೆಸರಾದ ಜಾರ್ಜ್‌ಟೌನನ್ನೂ ದಾಟಿ ಮುಂದೆ ಹೋದಂತೆ, ಕಪ್ಪುಹಸುರಿನ ಸೂಚಿಪರ್ಣ ವೃಕ್ಷಗಳ ನಡುವೆ ಆಸ್ಪೆನ್ ಮರಗಳು ಚಿನ್ನದ ಬಣ್ಣಕ್ಕೆ ತಿರುಗಿ, ಬೆಟ್ಟದ ಮೈಗೆ ಯಾರೋ ಅರಿಸಿನ ಚೆಲ್ಲಿದಂತೆ ಕಾಣುತ್ತಿದ್ದುವು. ಈ ಸೊಬಗನ್ನು ನೋಡಲು ನಮಗೆ ಬೇಕಾದಷ್ಟು ಪುರಸತ್ತು ದೊರೆಯಿತು. ಏಕೆಂದರೆ ಕಡಿದಾದ ಏರಿನಲ್ಲಿ ನಮ್ಮ ಮನೆಯು ಗಂಟೆಗೆ ೩೭-೩೮ ಮೈಲಿಗಿಂತ ಹೆಚ್ಚು ಓಡಲೊಲ್ಲದು! ಚಿಕ್ಕ ಕಾರುಗಳೆಲ್ಲ ಸರಸರನೆ ಮುಂದೆ ಸಾಗಿದುವು. ಭಾವನವರು ತಲೆಯಾಡಿಸಿ, "ನೋಡಿದಿರಾ? ಇದಕ್ಕೇ ೬೦೦ ಬೇಕೆಂದುದು" ಎಂದರು. ಅಕ್ಕನು ಉತ್ತರ ಕೊಡಲಿಲ್ಲ. ನಾವು ಆಸ್ಪೆನ್ ಮರಗಳನ್ನು ಎಣಿಸುತ್ತಿದ್ದೆವು.

ಹೀಗೆ ಹತ್ತಿ ಹತ್ತಿ ಐಸೆನ್‌ಹೋವರ್ ಸುರಂಗದ ಬಾಯಿಗೆ ಬಂದೆವು. ಪಶ್ಚಿಮಕ್ಕೆ ಹೋಗುವವರ ಈ ಕೊರೆತವು ೧೯೭೩ರಲ್ಲಿಯೂ, ಪೂರ್ವಕ್ಕೆ ಬರುವವರ ಜಾನ್ಸನ್ ಕೊರೆತವು ೧೯೭೯ರಲ್ಲಿಯೂ ಸಂಚಾರಕ್ಕೆ ತೆರೆದುವು. ಸುರಂಗದ ಉದ್ದ ೧.೭ ಮೈಲಿ, ಎತ್ತರ ೧೧,೦೦೦ ಅಡಿಗಿಂತ ಮಿಗಿಲು. ಅದರ ನೆತ್ತಿಯ ಮೇಲಿರುವುದೇ ಭೂಖಂಡದ ನೀರಿಬ್ಭಾಗದ ರೇಖೆ. ಅತ್ತ ಬಿದ್ದ ಮಳೆ ಶಾಂತಸಾಗರದ ಕಡೆಗೆ, ಇತ್ತ ಬಿದ್ದುದು ಅಟ್ಲಾಂಟಿಕ್ಕಿನ ಕಡೆಗೆ ಹರಿಯುವುದು. ಆ ಎತ್ತರದಲ್ಲಿ ಗಾಳಿಯು ಸಮುದ್ರತೀರದ ಗಾಳಿಯ ಮೂರರಲ್ಲಿ ಎರಡು ಪಾಲಿನಷ್ಟೇ ದಟ್ಟ. ಮನುಷ್ಯನಿಗೆ ಏದುಸಿರು ಬರುವಂತೆ ಎಂಜಿನ್ನಿಗೂ ಬರಬೇಕಷ್ಟೆ. ಆದರೆ ಈಗಣ ಡೀಸಲ್ ಎಂಜಿನ್ನುಗಳಲ್ಲಿ, ಹೊರಬೀಳುವ ಹೊಗೆಯ ರಭಸದಿಂದಲೇ ತಿರುಗುವ ಟರ್ಬೋ ಎಂಬ ಬೀಸಣಿಗೆಯು ಒಳಗೆ ಗಾಳಿಯನ್ನು ಒತ್ತಿ ತುಂಬುವುದರಿಂದ, ಅವು ತೆಳುಗಾಳಿಯಲ್ಲಿಯೂ ಹೆಚ್ಚು ಬಳಲುವುದಿಲ್ಲ.

ಏರು ಮುಗಿಯಿತು, ಕಷ್ಟವೂ ಮುಗಿಯಿತೆಂದು ನಾವೆಲ್ಲರೂ ತಿಳಿದೆವು. ನಿಜವಾದ ಕಷ್ಟವು ಸುರಂಗದ ಆಚೆಯ ಬಾಯಿಯಲ್ಲಿ ಕಾದಿದ್ದಿತು.

ಸುರಂಗದಿಂದ ಹೊರಬಿದ್ದ ದಾರಿಯು ಸಿಲ್ವರ್‌ಥಾರ್ನ್ ಎಂಬ ಊರಿನವರೆಗೆ ಎಂಟು ಮೈಲಿಗೂ ಮೇಲ್ಪಟ್ಟು ಒಂದೇ ಸಮನೆ ಇಳಿಯುವುದು. ಕಡಿದಾದ ಕಡೆಗಳಲ್ಲಿ ನೂರು ಅಡಿ ಮುಂದೆ ಹೋದರೆ ಏಳು ಅಡಿ ಕೆಳಗೆ, ಅಂತಹ ಇಳಿಜಾರು. ಬಿಸಿಲು ಹಿತವಾಗಿದ್ದಿತು, ಕೆಳಗೆ ದೂರದಲ್ಲಿ ಡಿಲನ್ ಸರೋವರದ ನೀಲಿ ಮಿಂಚುತ್ತಿದ್ದಿತು. ಭಾವನವರು ಕಾರನ್ನು ಇಳಿಸುವಂತೆಯೇ ಕಾಲಿನ ಬ್ರೇಕನ್ನು ಒತ್ತುತ್ತ ಬಿಡುತ್ತ ನಡೆಸಿದರು. ಎರಡು ಮೈಲಿ ಕಳೆಯುವುದರೊಳಗೆ ವೇಗವು ೫೦ರಿಂದ ೬೦ಕ್ಕೆ ಏರಿತು. ಮತ್ತೆ ಒತ್ತಿದರು, ತಗ್ಗಿತು, ಬಿಟ್ಟರು, ಮತ್ತೆ ಏರಿತು. ಸ್ವಲ್ಪ ಹೊತ್ತಿನಲ್ಲಿಯೇ ಹಿಂದಿನಿಂದ ಸುಟ್ಟ ವಾಸನೆ ಬಂದಿತು. ಪಕ್ಕದಲ್ಲಿ ಕಾಣಿಸಿಕೊಂಡುದು ಬ್ರೇಕು ತಪ್ಪಿದ ಲಾರಿಗಳಿಗಾಗಿ ಮಾಡಿರುವ ಜಲ್ಲಿಯ ದಿಬ್ಬ. ಓಟವನ್ನು ತಡೆಯಲಾರದವರು ಅದರ ಮೇಲೆ ನುಗ್ಗಿ ಹೂತುಕೊಂಡು ನಿಲ್ಲಬೇಕು. ಇಂತಹ ದಿಬ್ಬಗಳು ಆ ಇಳಿಜಾರಿನಲ್ಲಿ ಎರಡಿವೆ. ಭಾವನವರು, "ಬ್ರೇಕು ಮೊದಲಿನಂತೆ ಹಿಡಿಯುತ್ತಿಲ್ಲ" ಎಂದು ಬಹಳ ಮೆಲ್ಲಗೆ ಹೇಳಿದರು. ಆ ಮೆಲ್ಲನೆಯ ದನಿಯೇ ನಮ್ಮನ್ನು ಹೆಚ್ಚು ಹೆದರಿಸಿತು. ನಮ್ಮ ಮನೆಯವರು ನಮ್ಮ ತೋಳನ್ನು ಹಿಡಿದ ಗುರುತು ಸಂಜೆಯವರೆಗೂ ಇದ್ದಿತು.

ಆಗ ಅಕ್ಕನು ಮಾತಾಡಿದಳು. "ರೀ, ಆ ಗುಂಡಿ! ಎಡಗಡೆಯದು! ಇಳಿಯುವಾಗ ಹಾಕಿಕೊಳ್ಳಿ ಎಂದು ವಾಹನದವರು ತೋರಿಸಿಕೊಟ್ಟಿರಲಿಲ್ಲವೆ?" ಅವರು ಅಶ್ವಶಕ್ತಿಯ ಮಾತನ್ನಾಡುತ್ತಿದ್ದಾಗ ಭಾವನವರು ಕಿವಿಗೊಟ್ಟಿದ್ದರು, ಗುಂಡಿಯನ್ನು ತೋರಿಸಿದಾಗ ಕಿವಿಗೊಟ್ಟವಳು ಅಕ್ಕನು. ಭಾವನವರು ಗುಂಡಿಯನ್ನು ಒತ್ತಿದರು. ಬಳಿಕ ಕಾಲಿನ ಬ್ರೇಕನ್ನು ಒಮ್ಮೆ ಬಲವಾಗಿ, ಬಿಡದೆ ಒತ್ತಿ ವೇಗವನ್ನು ೪೦ಕ್ಕೆ ತಗ್ಗಿಸಿದರು. ಒಡನೆಯೇ ಗೇರು ತಾನಾಗಿ ಕೆಳಗಿಳಿಯಿತು. ಹಿಂದುಗಡೆ ಎಂಜಿನ್ನು ಹೂಂಕರಿಸಿತು. ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದಂತೆ ಬಂಡಿಯು ತಡೆದು ತಡೆದು ಇಳಿಯತೊಡಗಿತು. ಅಲ್ಲಿಂದ ಕೆಳಗಿನವರೆಗೆ ಯಾರೂ ಮಾತಾಡಲಿಲ್ಲ. ಸಿಲ್ವರ್‌ಥಾರ್ನಿನಲ್ಲಿ ಒಂದು ಬಯಲಿನಲ್ಲಿ ನಿಂತು, ಗಾಲಿಗಳು ತಣಿಯುವವರೆಗೆ ಒಂದು ಗಂಟೆ ಕಾದೆವು. ಅಕ್ಕನು ಮೊಸರನ್ನ ಕಲಸಿ ಎಲ್ಲರ ಕೈಗೂ ಕೊಟ್ಟಳು. ಯಾರನ್ನೂ ಒಂದು ಮಾತು ಆಕ್ಷೇಪಿಸಲಿಲ್ಲ.

ಇಲ್ಲಿ ನಡೆದುದರ ಲೆಕ್ಕವನ್ನು ನಾವು ಆಮೇಲೆ ಮಾಡಿ ನೋಡಿದೆವು. ೧೫ ಟನ್ನಿನ ಬಂಡಿಯು ಎರಡು ಸಾವಿರ ಅಡಿ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಬ್ರೇಕಿನಲ್ಲಿಯೇ ಶಾಖವಾಗಬೇಕಾದರೆ, ಆ ಶಾಖದಿಂದ ಮುನ್ನೂರು ಲೀಟರಿಗೆ ಸಮೀಪದಷ್ಟು ತಣ್ಣೀರನ್ನು ಕುದಿಸಬಹುದು. ದೊಡ್ಡ ಮದುವೆಮನೆಯ ಹಂಡೆಗಳನ್ನು ಕಾಯಿಸುವಷ್ಟು ಉರಿಯನ್ನು ನಾಲ್ಕು ಗಾಲಿಗಳ ಸಂದಿನಲ್ಲಿ ಹೊತ್ತಿಸಿದರೆ ಸುಟ್ಟ ವಾಸನೆ ಬಾರದಿರುವುದೆ?

ಅಂದು ವೇಲ್ ಕಣಿವೆಯ ೧೦,೬೬೨ ಅಡಿಯ ಘಟ್ಟವನ್ನು ಗುಂಡಿಯ ನೆರವಿನಿಂದ ಸುಖವಾಗಿ ದಾಟಿದೆವು. ಆದರೂ ಕಡಿದಾದ ಕಡೆಗಳಲ್ಲಿ ಆ ಸಣ್ಣ ಎಂಜಿನ್ನಿನ ತಡೆಯು ಸಾಲದೆ, ನಡುನಡುವೆ ಕಾಲಿನ ಬ್ರೇಕನ್ನೂ ಒತ್ತಬೇಕಾಗುತ್ತಿದ್ದಿತು. ಮುಂದೆ ದಾರಿಯು ಗ್ಲೆನ್‌ವುಡ್ ಕಮರಿಯನ್ನು ಹೊಕ್ಕಿತು. ಎರಡು ಕಡೆಯೂ ಆಕಾಶವನ್ನು ಮುಚ್ಚುವ ಬಂಡೆಗಳು, ತಳದಲ್ಲಿ ಕೊಲರಾಡೋ ನದಿ, ಅದರ ಮಗ್ಗುಲಲ್ಲಿ ಕಂಬಗಳ ಮೇಲೆ ತೇಲಿದಂತೆ ಹಾಸಿದ ಹೆದ್ದಾರಿ. ಹನ್ನೆರಡು ಮೈಲಿಗೂ ಮಿಕ್ಕ ಈ ಭಾಗವು ೧೯೯೨ರಲ್ಲಿ ಪೂರೈಸಿತು. ಸಂಜೆಗೆ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಸೇರಿದೆವು. ೧೮೮೮ರಲ್ಲಿ ತೆರೆದ, ನಾನ್ನೂರು ಅಡಿಗೂ ಉದ್ದವಾದ ಅಲ್ಲಿಯ ಬಿಸಿನೀರ ಕೊಳದಲ್ಲಿ ಮೈಯನ್ನು ಅದ್ದಿದಾಗ ಹಗಲಿನ ಭಯವು ಅರ್ಧ ಕರಗಿತು.

ಉಳಿದರ್ಧವನ್ನು ಕರಗಿಸಿದವರು, ಬಂಡಿಗಳು ತಂಗುವ ಬಯಲಿನಲ್ಲಿ ನಮ್ಮ ನೆರೆಯವರಾಗಿದ್ದ ವೃದ್ಧರೊಬ್ಬರು. ಅವರು ನಾಲ್ವತ್ತು ವರ್ಷ ಲಾರಿ ನಡೆಸಿದವರು. ನಮ್ಮ ಕಥೆಯನ್ನು ಕೇಳಿ ನಗಲಿಲ್ಲ. "ನೀವು ಒಳ್ಳೆಯವರ ಸಾಲಿನಲ್ಲಿಯೇ ಇದ್ದೀರಿ" ಎಂದು ಕ್ಲೆಸ್ಸಿ ಕಮಿನ್ಸ್ ಎಂಬಾತನ ವೃತ್ತಾಂತವನ್ನು ಹೇಳಿದರು. ನಮ್ಮ ಬಂಡಿಯ ಎಂಜಿನ್ನಿಗೆ ಹೆಸರು ಕೊಟ್ಟ ಮಹನೀಯನೇ ಆತನು. ೧೯೩೧ರಲ್ಲಿ ತನ್ನ ಡೀಸಲ್ ಎಂಜಿನ್ನನ್ನು ಲಾರಿಗೆ ಹೂಡಿ ನ್ಯೂಯಾರ್ಕಿನಿಂದ ಲಾಸ್ ಏಂಜಲಿಸಿಗೆ ಹೊರಟ ಆತನು, ಕ್ಯಾಲಿಫೋರ್ನಿಯದ ಕಹೋನ್ ಘಟ್ಟವನ್ನು ಇಳಿಯುವಾಗ ಬ್ರೇಕು ಸೋತು, ಕೆಳಗೆ ರೈಲು ದಾಟುತ್ತಿದ್ದ ಕಡೆಗೆ ಧಾವಿಸಿ, ಕೂದಲೆಳೆಯಲ್ಲಿ ಪಾರಾದನಂತೆ. ಏರುವುದಕ್ಕೆ ಎಂಜಿನ್ನನ್ನು ಕಟ್ಟಿದವನಿಗೆ ಇಳಿಯುವುದಕ್ಕೂ ಎಂಜಿನ್ನೇ ಬೇಕೆಂದು ಅಂದು ಹೊಳೆಯಿತು. ಆ ಯೋಚನೆಯು ಆತನ ಮನಸ್ಸಿನಲ್ಲಿ ಹಲವು ವರ್ಷ ಬೆಳೆದು, ೧೯೬೧ರಲ್ಲಿ ಜೇಕಬ್ಸ್ ಎಂಬ ಕಾರ್ಖಾನೆಯಿಂದ ಎಂಜಿನ್ ಬ್ರೇಕಾಗಿ ಹೊರಬಂದಿತು.

ಇದರ ಮರ್ಮವನ್ನು ವೃದ್ಧರು ಮನಮುಟ್ಟುವಂತೆ ತಿಳಿಸಿದರು. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿ ಬರುವ ಬಾಗಿಲು ಮುಚ್ಚಿಕೊಂಡು, ಉಸಿರು ಕಟ್ಟಿದಂತಾಗಿ ಅದು ತಾನೇ ಬಂಡಿಯನ್ನು ತಡೆಯುವುದು. ಡೀಸಲ್ಲಿನಲ್ಲಿ ಸಾಮಾನ್ಯವಾಗಿ ಆ ಬಾಗಿಲಿನ ತಡೆಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು ಅದರ ಧರ್ಮ. ಆದುದರಿಂದ ಕಾಲು ತೆಗೆದರೂ ಅದು ಸಡಿಲವಾಗಿ ಉರುಳುವುದು. ಸಣ್ಣ ಎಂಜಿನ್ನಿನಲ್ಲಿ ಗುಂಡಿಯೊತ್ತಿದಾಗ ಹೊಗೆಯ ದಾರಿಯನ್ನು ಕಿರಿದು ಮಾಡಿ ತಡೆಯುವರು. ನಡುವಣ ಮತ್ತು ಹಿರಿಯ ಎಂಜಿನ್ನುಗಳಲ್ಲಿ ಇನ್ನೂ ಬಲವಾದ ಉಪಾಯವುಂಟು. ಕೊಂತವು ಗಾಳಿಯನ್ನು ಒತ್ತಿ ಮೇಲೆ ಬಂದ ಗಳಿಗೆಯಲ್ಲಿ ಕವಾಟವನ್ನು ತೆರೆದು ಆ ಗಾಳಿಯನ್ನು ಹೊರಕ್ಕೆ ಬಿಟ್ಟುಬಿಡುವರು. ಒತ್ತಿದ ಶ್ರಮವೆಲ್ಲ ಬಂಡಿಗೆ. ತಿರುಗಿ ತಳ್ಳುವ ಬಲ ಮಾತ್ರ ಇಲ್ಲ. ಸೈಕಲ್ಲಿನ ಪಂಪನ್ನು ಒತ್ತಿ ಒತ್ತಿ ಗಾಳಿಯನ್ನು ಚೆಲ್ಲಿದಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಜೇಕ್ ಬ್ರೇಕೆಂದು ಬಳಕೆಯ ಹೆಸರು.

ಅಕ್ಕನಿಗೆ ಇದನ್ನು ನಮ್ಮ ಮನೆಯವರು ಕನ್ನಡದಲ್ಲಿ ಹೇಳಲು ಹೊರಟಾಗ ಆಕೆ ನಡುವೆಯೇ ತಡೆದಳು. "ನನಗೆ ತಿಳಿಯಿತು. ನಮ್ಮ ತಾತ ಅಡಕೆಯ ಮೂಟೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದರಂತೆ. ಎತ್ತು ಕೊಳ್ಳುವಾಗ ಎಳೆಯುವುದನ್ನಷ್ಟೇ ನೋಡುತ್ತಿರಲಿಲ್ಲವಂತೆ. ಇಳಿಜಾರಿನಲ್ಲಿ ನೊಗಕ್ಕೆ ಎದುರೊತ್ತಿ ಗಾಡಿಯನ್ನು ತಡೆಯುವ ಎತ್ತೇ ಎತ್ತು ಎನ್ನುತ್ತಿದ್ದರಂತೆ" ಎಂದಳು. ಭಾವನವರು ಬಹಳ ಹೊತ್ತು ಬೆಂಕಿಯನ್ನೇ ನೋಡುತ್ತಿದ್ದರು.

ಆ ರಾತ್ರಿ ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ಹಾಕಿದೆವು. ಸಮತಟ್ಟಾದ ದಾರಿಯಲ್ಲಿ ಗಂಟೆಗೆ ೬೦ ಮೈಲಿ ಓಡಲು ನಮ್ಮ ೧೫ ಟನ್ನಿನ ಬಂಡಿಗೆ ೧೨೦ರಿಂದ ೧೫೦ ಅಶ್ವಶಕ್ತಿ ಸಾಕು. ಉಳಿದುದೆಲ್ಲ ಬೆಟ್ಟದ ಏರಿಗಾಗಿ ಮಾತ್ರ. ಇನ್ನು ಏರಿನ ವೇಗವನ್ನು ನಿರ್ಣಯಿಸುವುದು ಕುದುರೆಗಳ ಸಂಖ್ಯೆಯಲ್ಲ. ಒಂದೊಂದು ಕುದುರೆಯ ಪಾಲಿಗೆ ಬೀಳುವ ಹೊರೆ. ನಮ್ಮ ೩೩,೦೦೦ ಪೌಂಡನ್ನು ೩೪೦ಕ್ಕೆ ಹಂಚಿದರೆ ತಲೆಗೆ ೯೭ ಪೌಂಡು. ೪೪,೦೦೦ ಪೌಂಡಿನ ಬಂಡಿಗೆ ೪೫೦ ಅಶ್ವಶಕ್ತಿಯಿದ್ದರೆ ತಲೆಗೆ ೯೮. ಭಾವನವರು ಬಯಸಿದ್ದ ೪೫ ಅಡಿಯ ಅರಮನೆಯು ತುಂಬಿದ ಸಂಸಾರ ಮತ್ತು ಕಾರಿನೊಡನೆ ೫೮,೦೦೦ ಪೌಂಡಾದರೆ, ೬೦೦ಕ್ಕೆ ಹಂಚಿದಾಗ ತಲೆಗೆ ಮತ್ತೆ ೯೭! "ಹಾಗಾದರೆ ಅದೂ ಇದೇ ಏರಿನಲ್ಲಿ ಇದೇ ವೇಗದಲ್ಲಿ ತೆವಳುವುದೆ?" ಎಂದರು ಭಾವನವರು. ಹೆಚ್ಚುಕಡಮೆ ಹಾಗೆಯೇ. ಹೆಚ್ಚಿದ ಕುದುರೆಗಳು ಹೆಚ್ಚಿದ ಮನೆಯನ್ನು ಹೊರುವುದರಲ್ಲಿಯೇ ಸವೆದುವು. ಎಣ್ಣೆಯ ವೆಚ್ಚ ಬೇರೆ, ಸಾಲದ ಬಡ್ಡಿ ಬೇರೆ.

ಆದುದರಿಂದ ಪ್ರಶ್ನೆಯನ್ನು ತಿರುಗಿಸಿ ಹಾಕಿದೆವು. ಮನೆಯು ಎಷ್ಟು ದೊಡ್ಡದಿರಬೇಕು? ಇಬ್ಬರಿಗೆ ೩೬ ಅಡಿ ಧಾರಾಳ. ಅದೇ ಮನೆಗೆ ಸಣ್ಣ ಎಂಜಿನ್ನಿಗೆ ಬದಲಾಗಿ ನಡುವಣ ೮.೯ ಲೀಟರಿನದು ದೊರೆತರೆ? ತೂಕ ಹೆಚ್ಚಿ ೩೫,೦೦೦ ಪೌಂಡಾದರೂ, ೩೮೦ ಕುದುರೆಗಳಲ್ಲಿ ತಲೆಗೆ ೯೨ ಪೌಂಡು. ಏರಿನಲ್ಲಿ ಸ್ವಲ್ಪ ಸುಖ. ಅದಕ್ಕಿಂತ ಮುಖ್ಯವಾಗಿ, ಇಳಿಯುವಾಗ ಆ ಬಲವಾದ ತಡೆ.

ಮರಳಿ ಬರುವಾಗ ಅದೇ ಸಿಲ್ವರ್‌ಥಾರ್ನಿನ ಏರನ್ನು ೩೭ ಮೈಲಿಯ ವೇಗದಲ್ಲಿ ಹತ್ತಿದೆವು. ಕಾರುಗಳು ಮುಂದೆ ಹೋದುವು. ಈ ಸಲ ಭಾವನವರು ತಲೆಯಾಡಿಸಲಿಲ್ಲ. ಸುರಂಗದ ಬಾಯಿಗೆ ಬರುವ ಮೊದಲೇ ಅಕ್ಕನು, "ಗುಂಡಿ" ಎಂದಳು. "ಹಾಕಿಯಾಯಿತು" ಎಂದರು ಭಾವನವರು.

ನಾವು ಬೆಂಗಳೂರಿಗೆ ಮರಳಿದ ನಾಲ್ಕು ತಿಂಗಳ ಮೇಲೆ ಅಕ್ಕನ ಓಲೆ ಬಂದಿತು. ಸಾಲ ಮಾಡಲಿಲ್ಲವಂತೆ. ಒಬ್ಬರು ಬಳಸಿ ಬಿಟ್ಟ ೩೬ ಅಡಿಯ ಮನೆಯನ್ನು, ನಡುವಣ ಎಂಜಿನ್ನಿನದನ್ನು, ಕೊಂಡರಂತೆ. ಕೊಳ್ಳುವ ಮೊದಲು ಭಾವನವರು ಮಾರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿದರಂತೆ. ಹತ್ತಿದುದನ್ನು ನೋಡಿ ಸುಮ್ಮನಿದ್ದು, ಇಳಿದುದನ್ನು ನೋಡಿ ಬೆಲೆಯ ಮಾತೆತ್ತಿದರಂತೆ. ಒರಳುಕಲ್ಲನ್ನು ತಾನು ಮನೆಯಲ್ಲಿಯೇ ಬಿಟ್ಟು ಹೋಗುವುದಾಗಿಯೂ, ಹಿಟ್ಟನ್ನು ರುಬ್ಬಿ ಡಬ್ಬಿಯಲ್ಲಿ ತುಂಬಿಕೊಂಡರೆ ಸಾಕೆಂದೂ ಅಕ್ಕನು ಬರೆದಿದ್ದಳು.

ದೊಡ್ಡ ಬಂಡಿಯನ್ನು ಕೊಳ್ಳುವವರು ನಮ್ಮ ವಾಚಕರಲ್ಲಿ ಕೆಲವರೇ ಇರಬಹುದು. ಆದರೂ ಶಕ್ತಿಯನ್ನು ಬೆಲೆಕೊಟ್ಟು ಕೊಳ್ಳುವ ಸಂದರ್ಭವು ಎಲ್ಲ ಮನೆಗಳಿಗೂ ಒಂದಲ್ಲ ಒಂದು ಬಗೆಯಲ್ಲಿ ಬರುವುದು. ಆಗ ಹೊರೆಯನ್ನು ತೂಗಿ ನೋಡಿ, ಏರಿಗೆ ಎಷ್ಟು ಬೇಕೆಂದು ಕೇಳಿ, ಇಳಿಜಾರಿನಲ್ಲಿ ತಡೆಯುವುದು ಯಾವುದೆಂಬುದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.